ಗಂಟು ಅಲ್ಲಿ, ಕನ್ನಡಿ ಇಲ್ಲಿ

ಮೊದಲ ಈ ಮೊರದಾಗಿನ ಜೋಳದ ಮ್ಯಾಲ ಕೈ ಇಡು ತಂಗಿ. ಪೂರ್ತಿ ಕೈ ಇಡು, ಬೆರಳ ತುದಿ ಇಟ್ರ ಆಣಿ ಅರ್ಧಾನೇ ಆಗ್ತದ. ಈಗ ಅನ್ನು, “ಕೇಳಿದ್ದು ಕಿವ್ಯಾಗೇ ಇರ್ತದ, ಬಾಯಿಗಿ ಬಂದ್ರ ನನ್ನ ರೊಟ್ಟಿ ಹಂಚಿಗಿ ಹತ್ತಲಿ.” ಅಂದಿ? ಆಯ್ತು. ನಾನೂ ಹಿಂಗೇ ಜೋಳ ಮುಟ್ಟಿ ಆಣಿ ಮಾಡೀನಿ, ಅದಕ್ಕೇ ನಿನಗೊಬ್ಬಾಕೀಗೇ ಹೇಳ್ಲಾಕತ್ತೀನಿ. ನಿನ್ನಿ ನಮ್ಮ ನಾದನಿಗಿ ಹೇಳಿದ್ದು ಬ್ಯಾರೆ ಮಾತು, ಆಕಿ ಮನಿ ಮನುಷ್ಯಾಳು.

ಈ ನಮ್ಮ ಗುಂಜೋಟಿ ಊರಾಗ ಎಲ್ಲಾರ ಮನ್ಯಾಗೂ ಏನರ ಒಂದು ಆಗ್ತೇ ಇರ್ತದ. ಆದ್ರ ನಮ್ಮ ಬಾಜೂ ಮನ್ಯಾಗ ಆದಂಗ ಎಲ್ಲೂ ಆಗಲ್ಲ. ನಡುವ ಒಂದೇ ಗ್ವಾಡಿ, ನನ್ನ ಎದಿ ಮಟಾ. ಅದರ ಮ್ಯಾಲ ನಾ ಅರಬಿ ಹಾಸಿ ಶಾಂಡಗಿ ಒಣಗಸ್ತೀನಿ. ಕಾಗಿ ಕಾಟ ಭಾಳ, ಅದಕ್ಕ ಅಲ್ಲೇ ನಿಲ್ಲಬೇಕಾಗ್ತದ. ಶಾಂಡಗಿ ಇಲ್ಲದ ದಿನಾನೂ ನಿಲ್ತೀನಿ, ಕಾಗಿಗಿ ಚಾಳಿ ಬೀಳಬಾರ್ದು ನೋಡು.

ಆ ಮನ್ಯಾಗ ಮುತ್ಯಾ ಅದಾನ, ಕುರಿ ಕಾಯ್ತಾನ, ಕಂಬಳಿ ನೇಯ್ತಾನ. ಅಂವನ ಹೇಣ್ತೀಗಿ ನಾ ಅಕ್ಕ ಅಂತೀನಿ. ಇಡೀ ಓಣಿ ಆಕೀಗಿ ಅಂಜ್ತದ. ಬೀರಪ್ಪನ ಭಂಡಾರ ಸೆರಗಿನ ತುದೀಗಿ ಕಟಗೊಂಡೇ ತಿರಗ್ತಾಳ, ಹಳದಿ ಪುಡಿ ಯಾವಾಗ ಯಾರ ಹಣಿ ಮ್ಯಾಲ ಬೀಳ್ತದೋ ಹೇಳಾಕ ಬರಲ್ಲ. ಮಗ ಉಮರ್ಗಾ ಹೈವೇ ಮ್ಯಾಲ ಟಾಯರ ಅಂಗಡ್ಯಾಗ ಇರ್ತಾನ, ಬರ್ತಾನ, ಉಣ್ತಾನ, ಮಲಗ್ತಾನ. ಅಂವನ ಸುದ್ಯಾಗ ಉಪ್ಪಿಲ್ಲ ಖಾರಿಲ್ಲ, ಬಿಡು. ಉಳದಾಕಿ ಸೊಸಿ. ಉದಗೀರದಾಕಿ, ಕಾಲೇಜ ಕಲ್ತಾಕಿ. ಈ ಸುದ್ದಿ ಎಲ್ಲಾ ಆಕೀದೇ.

ಊಟದ ಡಬ್ಬಿಯಷ್ಟು

ಒಂದಿನ ಕುರಿಯರ್ ಗಾಡಿ ಬಂದು ಅವರ ಬಾಗಲಕ್ಕ ನಿಂತ್ತು. “ಕಾಕು, ಬರ್ರಿ, ನನ್ನ ಕಂಪ್ಯೂಟರ ಬಂತು” ಅಂತ ಸೊಸಿ ಒದರಿದ್ಳು. ಕರೀಲಿಲ್ಲಂದ್ರೂ ಹೋಗ್ತಿದ್ದೆ, ಕರದಾಳ ಅಂತ ಜರಾ ತಡಾ ಮಾಡಿ ಹೋದೆ.

ಒಂದು ಪಡದೆ ಬಂತು, ಒಂದು ಕೀಬೋರ್ಡ ಬಂತು, ಊಟದ ಡಬ್ಬಿಯಷ್ಟು ಒಂದು ಕರೇ ಡಬ್ಬಿ ಬಂತು. ಮುತ್ಯಾ ಡಬ್ಬಿ ಎತ್ತಿ ನೋಡಿ, “ಹಗರ ಅದಲ್ಲೇ, ಒಳಗ ಏನೂ ಇಲ್ಲ” ಅಂದ. ಅಕ್ಕ ಅಂದ್ಳು, “ಮೋಸ ಮಾಡ್ಯಾರ. ಒಳಗಿನ ಮಾಲು ತಗೊಂಡು ಖಾಲಿ ಡಬ್ಬಿ ಕಳಸ್ಯಾರ.”

“ಇಲ್ಲ ಅತ್ತೀ” ಅಂದ್ಳು ಸೊಸಿ. “ಕಂಪ್ಯೂಟರ ಇಲ್ಲಿಗಿ ಬರೋದೇ ಇಲ್ಲ, ಅದು ಕಂಪನ್ಯಾಗೇ ಇರ್ತದ. ನಾ ಇಲ್ಲಿ ಒತ್ತಿದ್ದು ಅಲ್ಲಿಗಿ ಹೋಗ್ತದ, ಕೆಲಸ ಅಲ್ಲೇ ಆಗ್ತದ, ಆಗಿದ್ದರ ಚಿತ್ರ ಅಷ್ಟೇ ಇಲ್ಲಿಗಿ ಬರ್ತದ.”

ಮುತ್ಯಾಗ ಥಟ್ಟನ ಹೊಳೀತು. “ನಮ್ಮ ಹೊಲದ ಮೋಟಾರ ಇದ್ದಂಗ! ಮನ್ಯಾಗ ಕುಂತು ಮೋಬೈಲ ಒತ್ತಿದ್ರ ಬಾವ್ಯಾಗ ಮೋಟಾರ ಚಾಲೂ.”

“ಬರಾಬರ್ ಮಾವಾ!”

“ಮತ್ತ ನೀರು ಎಲ್ಲಿ ಬೀಳ್ತದ?”

“ನೀರೂ ಅಲ್ಲೇ ಬೀಳ್ತದ ಮಾವಾ. ಇಲ್ಲಿಗಿ ನೀರಿನ ಫೋಟೋ ಬರ್ತದ.”

ಮುತ್ಯಾ ಭಾಳ ಹೊತ್ತು ಆ ಡಬ್ಬಿ ಕಡಿ ನೋಡಿದ, ಫೋಟೋ ನೀರಿನ್ಯಾಗ ಯಾ ಬೆಳಿ ಬರ್ತದೋ ಅನ್ನೋರಂಗ. ಅಕ್ಕ ಮಾತ್ರ ಒಂದೇ ಮಾತಿಗಿ ಮುಗಿಸಿದ್ಳು, “ಕನ್ನಡ್ಯಾಗಿನ ಗಂಟು ಅಂತಾರ, ಇದಕ್ಕೇ. ಕಾಣ್ತದ, ಕೈಗಿ ಸಿಗಲ್ಲ.”

ಕೆಲಸ ಏನಪಾ ಅಂದ್ರ, ಮಂದಿ ದವಾಖಾನಿ ಬಿಲ್ಲು ನೋಡಿ ಸರಿ ತಪ್ಪು ಹಚ್ಚೋದು. ಯಾವ್ಯಾವ ಊರಿನವರ ರೋಗ ಎಲ್ಲಾ ಆ ಪಡದೆ ಮ್ಯಾಲ ಬಂದು ಹಾದು ಹೋಗ್ತಾವ. ನನಗ ಜೀವ ತಡೀಲಿಲ್ಲ. “ಯಾರಿಗಿ ಏನಾಗ್ಯಾದ, ಒಂದರ ಹೇಳವಾ” ಅಂದೆ.

“ಮಂದಿ ಗುಟ್ಟು ಹೊರಗ ಹೋಗಬಾರ್ದಂತೇ ಹಿಂಗ ಮಾಡ್ಯಾರ ಕಾಕು. ಈ ಡಬ್ಬ್ಯಾಗ ಏನೂ ಉಳಿಯಲ್ಲ.”

“ಡಬ್ಬ್ಯಾಗ ಉಳೀದಿದ್ರ ಇರ್ಲಿ. ನಿನ್ನ ತಲ್ಯಾಗ?”

“ತಲ್ಯಾಗೂ ಉಳಿಯಲ್ಲ.”

ಇಷ್ಟು ಕಲ್ತು ಏನ ಬಂತು, ನೋಡು.

ಆದ್ರ ಆಕಿ ಅವತ್ತೇ ಒಂದ ಮಾತ ನನಗ ಹೇಳಿದ್ಳು, ಸಣ್ಣ ದನ್ಯಾಗ. ಕಂಪನಿಯಾವ್ರು ಸದ್ಯಾ ನೋಡಾಕ ಕೊಟ್ಟಾರಂತ. ಲೈನ ಬರಾಬರ್ ಇದ್ರ ಮನಿಯಿಂದ ಮಾಡು, ಇಲ್ಲಂದ್ರ ಡಬ್ಬಿ ವಾಪಸ್ ಕಳಸಿ ಪುಣ್ಯಾ ಶಹರದ ಆಫೀಸಿಗಿ ಬಂದು ಕುಂದ್ರು ಅಂದಾರಂತ. ಪುಣ್ಯಾಕ್ಕ ಯಾರ ಬಿಡ್ತಾರ? ಡಬ್ಬಿ ಹೋದ್ರ ಕೆಲಸಾನೇ ಹೋಯ್ತು. ಆಕಿ ಡಬ್ಬಿ ಮ್ಯಾಲ ಕೈ ಇಟ್ಟು, “ಕಾಕು, ಉದಗೀರದಾಗ ನಾ ಕಲ್ತದ್ದು ಎಲ್ಲಾ ಇದರಾಗ ಅದ” ಅಂದ್ಳು. ಈಗೇ ಏನೂ ಉಳಿಯಲ್ಲ ಅಂದಿದ್ಳು, ನೆಪ್ಪು ಅದಲ್ಲ?

ಅಕ್ಕ ಅದನ್ನ ಕೇಳಸಗೊಂಡು, “ದೇವರು ದೊಡ್ಡಾಂವ, ವಾಪಸ್ ಹೋಗ್ತದ ತಗೋ” ಅಂದ್ಳು. ಅನ್ನಕೋತೇ ಸೆರಗಿನ ಗಂಟು ಬಿಚ್ಚಿ ಡಬ್ಬೀಗಿ ಭಂಡಾರ ಹಚ್ಚಿದ್ಳು. ಹೋಗೋ ಬೀಗರಿಗೂ ಬಂದ ದಿನ ನೀರು ಕೊಡಬೇಕಲ್ಲ.

ಮುತ್ಯಾನ ಕಣ್ಣಿನ ಪೊರಿ

ಆ ಚಿತ್ರ ಬರೋ ಚಂದ ನೋಡಬೇಕು ತಂಗಿ. ಮಧ್ಯಾಹ್ನ ಆಗಿರ್ತದ, ಕುರಿ ಹೊರಗ ಹೋಗಿರ್ತಾವ, ಓಣಿ ತುಂಬ ನಿದ್ದಿ. ಬೇವಿನ ಗಿಡದ ನೆಳ್ಳು ಅವರ ಪಡಸಾಲಿ ತನಕಾ ತೆವಳಕೋತ ಬಂದು ಸೊಸಿ ಪಾದದ ಮ್ಯಾಲ ಮಲಗಿರ್ತದ. ಆಕಿ ಬೆರಳು ಇಲ್ಲಿ ಕುಣೀತಾವ, ಅಲ್ಲೆಲ್ಲೋ ದೂರ ಏನೋ ಅಲಗ್ಯಾಡ್ತದ. ಕನಸಿನ್ಯಾಗ ನಾವು ತವರಿಗಿ ಹೋಗಿ ಬರ್ತೀವಲ್ಲ, ಮೈ ಇಲ್ಲೇ ಚಾಪಿ ಮ್ಯಾಲ ಇರ್ತದ, ಹಂಗ.

ಲೈನ ಸಣ್ಣದಾದಾಗ ಚಿತ್ರ ಒಮ್ಮಿಗೇ ಬರಲ್ಲ. ಮೊದಲ ಮಸಕು ಬರ್ತದ, ಹೊಸ ನೀರು ತುಂಬಿದ ಹಂಡಿಯಂಗ. ಆಮ್ಯಾಲ ಸಾವಕಾಶ ಕೆಸರ ಕುಂದ್ರತದ, ತಳ ಕಾಣ್ತದ. ಸೊಸಿ ಹೇಳ್ತಾಳ, ಅದು ಪೂರಾ ಚಿತ್ರ ಸಲಸಲಕ್ಕ ಕಳಸಲ್ಲಂತ. ಯಾವುದು ಬದಲಾಯ್ತೋ ಆ ತುಕಡಿ ಅಷ್ಟೇ ಕಳಸ್ತದ. ಕೌದಿ ಇದ್ದಂಗ ಅನ್ನು, ಹರದಲ್ಲಿ ಅಷ್ಟೇ ತ್ಯಾಪಿ.

ಇದು ಮುತ್ಯಾಗ ಯಾರು ಹೇಳಬೇಕು? ಅಂವಾ ಸೊಸಿ ಹಿಂದ ಕುಂತು ನೋಡ್ತಿದ್ದ. ಪಡದೆ ಮಸಕಾಯ್ತು. ಧೋತರದ ತುದೀಲೆ ಕಣ್ಣು ಒರಸಿದ. ಇನ್ನೂ ಮಸಕು. ತಣ್ಣೀರ ಹೊಡಕೊಂಡು ಬಂದು ನೋಡಿದ, ಹಂಗೇ ಅದ. ಯಾರಿಗೂ ಹೇಳಲಿಲ್ಲ, ಕೋಲು ತಗೊಂಡು ಸೀದಾ ನಿಲಂಗಾ ಬಸ್ ಹತ್ತಿ ಕಣ್ಣಿನ ಡಾಕ್ಟರ ಕಡಿ ಹೋದ.

ಡಾಕ್ಟರ ಬ್ಯಾಟರಿ ಬಿಟ್ಟು ನೋಡಿದನಂತ. “ಮುತ್ಯಾ, ನಿನ್ನ ಕಣ್ಣು ಹದ್ದಿನ ಕಣ್ಣು, ಮನಿಗಿ ನಡಿ” ಅಂದನಂತ. ಮುತ್ಯಾ ಮುಖ ಸಣ್ಣದು ಮಾಡಕೊಂಡು ತಿರಗಿ ಬಂದ. ಬಂದು ನೋಡ್ತಾನ, ಅಷ್ಟರಾಗ ಲೈನ ಸರಿ ಆಗಿತ್ತು, ಪಡದೆ ಮ್ಯಾಲ ಒಂದೊಂದು ಅಕ್ಷರ ಹುಣಸೀ ಬೀಜದಂಗ ಹೊಳೀಲಾಕತ್ತಿತ್ತು.

“ಎಂಥಾ ಡಾಕ್ಟರಪಾ! ಸೂಜಿ ಇಲ್ಲ, ಔಷಧ ಇಲ್ಲ, ಬರೀ ಬ್ಯಾಟರಿ ಬಿಟ್ಟ, ಪೊರಿ ಹರದೇ ಹೋಯ್ತು!”

ಸೊಸಿ ಬಾಯಿ ತೆಗೀಲಿಲ್ಲ, ಮಾವನ ಖುಷಿ ಯಾಕ ಕೆಡಸಬೇಕು ಅಂತ. ಈಗ ಊರಾಗಿನ ಮುದುಕರೆಲ್ಲ ಆ ಡಾಕ್ಟರ ಕಡೇನೇ ಹೋಗ್ತಾರ. ಹೋಗಿ, ಬ್ಯಾಟರಿ ಬಿಡು, ಮತ್ತೇನೂ ಮುಟ್ಟಬ್ಯಾಡ ಅಂತಾರಂತ.

ಬಾಣದ ಮ್ಯಾಲ ದೇವರು

ಆ ಕಂಪ್ಯೂಟರಿಗಿ ಜಡ್ಡು ಬಂದ್ರ ಪುಣ್ಯಾದಾಗಿನ ರಿಪೇರಿ ಮನುಷ್ಯ ಅಲ್ಲಿಂದೇ ಒಳಗ ಬರ್ತಾನ. ಅಂವಾ ಅಲ್ಲಿ ಕೈ ಅಲಗಾಡಿಸಿದ್ರ ಪಡದೆ ಮ್ಯಾಲಿನ ಬಾಣ ಇಲ್ಲಿ ತಿರಗಾಡ್ತದ. ಅವತ್ತ ಅಂವಗ ಒಳಗ ಬಿಟ್ಟು ಸೊಸಿ ಹಾಲ ಕಾಯಿಸ್ಲಾಕ ಒಲಿ ಕಡಿ ಹೋಗಿದ್ಳು.

ಅಕ್ಕ ಪಡಸಾಲಿಗಿ ಬಂದ್ಳು. ಖುರ್ಚಿ ಖಾಲಿ. ಕೈ ಇಲ್ಲ, ಮೈ ಇಲ್ಲ, ಬಾಣ ತಾನೇ ನಡೀಲಾಕತ್ತದ. ಒಂದೊಂದು ಕಡಿ ನಿಲ್ತದ, ವಿಚಾರ ಮಾಡ್ತದ, ಮತ್ತ ನಡೀತದ. ಆಕಿ ಕೈ ಜೋಡಿಸಿ ಅಲ್ಲೇ ಕುಂತ್ಳು. “ಬಂದ್ಯಾ ನಮ್ಮಪ್ಪಾ ಬೀರಪ್ಪಾ” ಅಂದು ಮುಟಗಿ ತುಂಬ ಭಂಡಾರ ಎರಚಿದ್ಳು.

ಅವರ ದೊಡ್ಡ ಟಗರು ಹಿಂದಿನ ದಿನದಿಂದ ಕಾಣ್ತಿರಲಿಲ್ಲ. ಕೇಳೇ ಬಿಟ್ಳು, “ಯಾ ದಿಕ್ಕಿಗಿ ಹೋಗ್ಯಾದ, ನೀನೇ ತೋರ್ಸು.”

ಬಾಣ ನಿಂತ್ತು. ಸಾವಕಾಶ ಬಲಗಡಿ ತೆಳಗಿನ ಮೂಲಿಗಿ ಹೋಗಿ ಅಲ್ಲೇ ನಡಗ್ಲಾಕತ್ತು. ಆ ಮೂಲಿ ಹಿಡದು ನೋಡಿದ್ರ ನಮ್ಮ ಕಾಸಾರಶಿರಸಿ ದಾರಿ. ಮುತ್ಯಾಗ ಓಡಿಸಿದ್ಳು. ಹೋದ್ರ, ತಂಗಿ, ಆ ದಾರಿ ಮ್ಯಾಲೇ ಯಾರದೋ ತೊಗರಿ ಹೊಲದಾಗ ಟಗರು ರಾಜಾನಂಗ ನಿಂತು ಮೇಯ್ಲಾಕತ್ತಿತ್ತು! ನನ್ನ ಮೈ ಝುಂ ಅಂತು. ಈಗೂ ಅಂತದ.

ಈ ಕಡಿ ಭಂಡಾರ ಎಲ್ಲಾ ಕೀಬೋರ್ಡ ಸಂದ್ಯಾಗ ಹೊಕ್ಕಿತ್ತು. ಸೊಸಿ ಬಂದು ಒಂದು ಅಕ್ಷರ ಒತ್ತಿದ್ರ ಮರಿ ಹಾಕಿದಂಗ ನಾಕು ಬರ್ಲಾಕತ್ವು. ರಿಪೇರಿ ಮನುಷ್ಯ ಫೋನಿನ್ಯಾಗ ಮರಾಠ್ಯಾಗ ಕೇಳಿದ, “ಏನ ಚೆಲ್ಲೀರಿ ಮ್ಯಾಡಮ್?”

“ಹಳದಿ.”

“ಕಂಪ್ಯೂಟರ ಮುಂದ ಪಲ್ಯಾ ಮಾಡ್ತೀರೇನ್ರಿ?”

ಅಂವಾ ಮ್ಯಾಲಿನವರಿಗಿ ತಕರಾರ ಹೇಳಿದ. ಸೊಸಿ ಮುಖ ಇಳೀತು, ಮೊದಲನೇ ತಕರಾರ ಅದು. ಅಕ್ಕ ಮಾತ್ರ ಜರಾನೂ ಅಳಕಲಿಲ್ಲ. “ಅಂವಗೇನ ಗೊತ್ತಾಗ್ತದ? ಅಂವಾ ಬರೀ ರಿಪೇರಿ ಮನುಷ್ಯ. ಟಗರು ಹುಡುಕಿ ಕೊಟ್ಟಾಂವ ಬ್ಯಾರೆ.”

ಬಿಟ್ಟಲ್ಲೇ ಇರ್ತದ

ಒಂದ ಮಧ್ಯಾಹ್ನ ಖರೇನೇ ಕರೆಂಟ ಹೋಯ್ತು. ಅಕ್ಕ ಚುಕ್ ಚುಕ್ ಅಂದ್ಳು, “ಮಾಡಿದ್ದೆಲ್ಲಾ ಹಾಳಾಯ್ತು.” ಸೊಸಿ ನಕ್ಕಳು. “ಇಲ್ಲ ಅತ್ತೀ. ಇಲ್ಲಿ ಡಬ್ಬಿ ಬಂದ್ ಆದ್ರೂ ಅಲ್ಲಿ ಕಂಪ್ಯೂಟರ ಬಂದ್ ಆಗಲ್ಲ. ಎಲ್ಲಿ ಬಿಟ್ಟಿದ್ನೋ ಅಲ್ಲೇ ಇರ್ತದ. ಅರ್ಧಾ ಶಬ್ದ ಬಿಟ್ಟಿದ್ರ ಅರ್ಧಾ ಶಬ್ದಾನೇ ಕಾಯಕೋತ ಕುಂತಿರ್ತದ.”

ಅಕ್ಕಗ ಇದು ಭಾಳ ಹಿಡಸ್ತು. ನಾವು ಹಂಚಿನ ಮ್ಯಾಲ ರೊಟ್ಟಿ ಬಿಟ್ಟು ಎದ್ರ ಕರಕಾಗ್ತದ. ಕೂಸು ಬಿಟ್ಟು ಎದ್ರ ಅಳ್ತದ. ಜಗತ್ತಿನ್ಯಾಗ ಬಿಟ್ಟಲ್ಲೇ ಇರೋದು ಇದೊಂದೇ ಅಂತ ಆತು.

ಅಲ್ಲಿಂದ ಶುರು. ಆ ಡಬ್ಬಿ ವಾಯರು ಅಡಗಿ ಮನ್ಯಾಗಿನ ಪ್ಲಗ್ಗಿಗಿ ಇತ್ತು. ಅಕ್ಕಗ ಸೊಸಿ ಬೇಕಾತು ಅಂದ್ರ ಪ್ಲಗ್ ಕೀಳೋದು, “ಕರೆಂಟ ಹೋಯ್ತವಾ, ಬಾ” ಅನ್ನೋದು. ರೊಟ್ಟಿ ಬಡೀಬೇಕು, ಪ್ಲಗ್. ಕುರಿಮರಿ ಹಿಡೀಬೇಕು, ಪ್ಲಗ್. ಒಂದಿನ ಬೆನ್ನು ತುರಸ್ತು, ಪ್ಲಗ್. ಕೆಲಸ ಆದ ಮ್ಯಾಲ ಮತ್ತ ಸಿಗಸಿ, “ಬಂತು ನೋಡು” ಅಂತಿದ್ಳು. ಸೊಸಿ ನಂಬ್ತಿದ್ಳು, ನಮ್ಮ ಊರಾಗ ಕರೆಂಟ ಹೋಗೋದೇನು ಹೊಸಾದಲ್ಲ.

ನಾ ಗ್ವಾಡಿ ಕಡಿಂದ ನೋಡ್ತಿದ್ದೆ. ನಮ್ಮ ಮನ್ಯಾಗ ಫ್ಯಾನ ಗರಗರ ತಿರಗ್ತಿತ್ತು. ಆದ್ರ ಮಂದಿ ಮನಿ ನಡುವ ಬಾಯಿ ಹಾಕೋ ಚಾಳಿ ನನಗಿಲ್ಲ.

ಪುಣ್ಯಾದಾಗ ಏನ ಕಾಣ್ತಿತ್ತು? ಲೈನ ಕಡೀತು, ಲೈನ ಬಂತು, ಮತ್ತ ಕಡೀತು. ಕಡೀಕ ಅಲ್ಲಿನ ಮ್ಯಾಡಮ್ಮು ಫೋನ ಮಾಡಿದ್ಳು. “ನಿನ್ನ ಕೆಲಸ ಚಲೋ ಅದವಾ, ಆದ್ರ ನಿಮ್ಮ ಊರ ಲೈನ ಬರಾಬರ್ ಇಲ್ಲ. ತಿಂಗಳ ತುದೀಗಿ ಡಬ್ಬಿ ಪ್ಯಾಕ ಮಾಡಿ ಕಳಸು.”

ಸೊಸಿ ಆಯ್ತ್ರೀ ಅಂದ್ಳು. ಫೋನ ಇಟ್ಳು. ಪಡದೆ ಮುಂದ ಹಂಗೇ ಕುಂತ್ಳು, ಅರ್ಧಾ ಶಬ್ದದಂಗ.

ಅಕ್ಕ ಬಾಗಲದಾಗ ನಿಂತು ಕೇಳಿದ್ಳು, “ಏನಂದ್ರು?”

“ಕರೆಂಟ ಭಾಳ ಹೋಗ್ತದ ಅಂತ್ರಿ ಅತ್ತೀ. ಡಬ್ಬಿ ವಾಪಸ್ ಕೇಳ್ಯಾರ.”

“ಕರೆಂಟಿನವರು ಹಾಳಾಗಿ ಹೋಗ್ಲಿ” ಅಂದ್ಳು ಅಕ್ಕ. ಖರೇ ಸಿಟ್ಟಿಲೇ ಅಂದ್ಳು ತಂಗಿ, ಅದೇ ನಗಿ. ಬಿಟ್ಟಲ್ಲೇ ಇರ್ತದಲ್ಲ ಅಂತ ನಂಬಿದಾಕೀಗಿ, ಇದು ತನ್ನ ಪ್ಲಗ್ಗಿನ ತಪ್ಪು ಅಂತ ಹೊಳದಿರಲೇ ಇಲ್ಲ.

ಥಂಡಿ ಖೋಲಿ

ಮರದಿನ ಅಕ್ಕ ಬೇವಿನ ನೆಳ್ಳಾಗ ಉಣ್ಣಿ ನೂಲಕೋತ ಕುಂತಿದ್ಳು. ಸೊಸೀಗಿ ಕೇಳಿದ್ಳು, “ಈ ಡಬ್ಬಿ ಹೋದ ಮ್ಯಾಲ ಅಲ್ಲಿ ನಿನ್ನ ಕಂಪ್ಯೂಟರ ಏನ ಮಾಡ್ತದ?”

“ಏನಿಲ್ಲ, ಅಲ್ಲೇ ಇರ್ತದ.”

“ಸಂಗಟ ಯಾರಿರ್ತಾರ?”

“ಯಾರೂ ಇಲ್ಲ ಅತ್ತೀ. ದೊಡ್ಡ ಖೋಲಿ. ಕತ್ತಲ. ಸಾಲ ಹಚ್ಚಿ ಇಟ್ಟಿರ್ತಾರ. ಸದಾ ಏಸಿ ಬಿಟ್ಟು ಥಂಡಿ ಮಾಡಿರ್ತಾರ.”

“ಥಂಡಿ ಯಾಕ?”

“ದುಡದು ದುಡದು ಮೈ ಕಾಯ್ತದ, ಅದಕ್ಕ.”

ಅಕ್ಕನ ಕೈಯಾಗಿನ ಕದರು ನಿಂತ್ತು. “ದುಡದು ಬೆವತದ್ದಕ್ಕ ಥಂಡಿ ಗಾಳ್ಯಾಗ ಕುಂದ್ರಸ್ತಾರ? ನೆಗಡಿ ಎದಿಗಿ ಇಳದು ಸಾಯ್ತದಲ್ಲ!”

ಸೊಸಿ ಎದ್ದು ಹೋದ್ಳು, ಅಕ್ಕಗ ಅಲ್ಲೇ ಜೋಂಪು ಹತ್ತಿತು. ಆ ಜೋಂಪಿನ್ಯಾಗ ಆಕಿ ಆ ಖೋಲಿಗೇ ಹೋಗಿ ಬಂದಾಳ, ಆಮ್ಯಾಲ ನನಗೊಬ್ಬಾಕೀಗೇ ಹೇಳಿದ್ಳು. ಬರಿಗಾಲಿಲೇ ಹೋಗಿದ್ಳಂತ. ನೆಲ ಬಾವಿ ನೀರಿನಂಗ ತಣ್ಣಗ. ಎಷ್ಟು ದೂರ ನಡದ್ರೂ ಗ್ವಾಡಿ ಬರವಲ್ದು. ಎರಡೂ ಕಡಿ ಸಾಲಸಾಲ ಕರ್ರನ ಕುಂತಾವ, ಉಸರ ಆಡ್ಲಾಕತ್ತಾವ, ಒಂದೊಂದಕ್ಕ ಹಸರ ದೀಪ ಮಿಣಿಮಿಣಿ, ಕತ್ತಲದಾಗ ಹಟ್ಟಿಗಿ ಬ್ಯಾಟರಿ ಬಿಟ್ರ ಕುರಿ ಕಣ್ಣು ಕಾಣ್ತಾವಲ್ಲ, ಹಂಗ. ಎಣಿಸ್ಲಾಕ ಹೋದ್ರ ಎಣಿಕಿ ತಪ್ತದ. ಒಂದು ಮಾತ್ರ ಮೂಲ್ಯಾಗ ಗಡಗಡ ನಡಗ್ಲಾಕತ್ತಿತ್ತಂತ. ಮುಟ್ಟಿದ್ರ ಆಕಿ ಕೈಗಿ ತಲಿ ತಿಕ್ಕಿತಂತ.

“ಅದೇ ನಿಮ್ಮ ಸೊಸೀದು ಅಂತ ಹ್ಯಾಂಗ ಗೊತ್ತಾತು ಅಕ್ಕಾ?”

“ನಮ್ಮ ಕುರಿ ನಮಗ ಗೊತ್ತಾಗಲ್ಲೇನಲೇ? ಮೈ ತುಂಬ ಭಂಡಾರ ಇತ್ತು.”

ಯಾರಿಗಿ ಕಂಬಳಿ?

ಅಕ್ಕ ಟ್ರಂಕು ತೆಗದ್ಳು. ಒಳಗ ಮಗನ ಲಗ್ನದ ಕಂಬಳಿ ಇತ್ತು. ಮದಿಮಗ ಮದಿಮಗಳು ಅದರ ಮ್ಯಾಲೇ ಕುಂತು ಅಕ್ಕಿಕಾಳು ಹಾಕಿಸಗೊಂಡದ್ದು. ಮುತ್ಯಾ ಎಳೇ ಮರಿ ಉಣ್ಣಿಲೇ ನೇಯ್ದದ್ದು, ಕರೇದು, ಬೆಣ್ಣಿಯಂಗ ಮೆತ್ತಂದು, ಅಂಚಿಗಿ ಕೆಂಪ ಎಳಿ. ಒಂದ ಮೂಲಿ ಇಲಿ ಕಡದಿತ್ತು, ಅದಕ್ಕ ಸೊಸೀನೇ ಹಸರ ದಾರಲೇ ತ್ಯಾಪಿ ಹಾಕಿದ್ಳು.

“ನಡಿ ಉಮರ್ಗಾಕ” ಅಂದ್ಳು ನನಗ. ಸೊಸೀಗಿ ಸಂತಿಗಿ ಅಂತ ಹೇಳಿದ್ವಿ.

ಕುರಿಯರ್ ಅಂಗಡ್ಯಾಂವ ಕೇಳಿದ, “ಒಳಗ ಏನದ್ರಿ?”

“ಕಂಬಳಿ.”

“ಯಾರಿಗ್ರಿ?”

“ಕಂಪ್ಯೂಟರಿಗಿ.”

ಅಂವಾ ನನ್ನ ಮುಖ ನೋಡಿದ. ನಾ ಮ್ಯಾಲ ಫ್ಯಾನ ನೋಡಿದೆ.

“ಅಲ್ರಿ ಆಯಿ, ತಗೊಳ್ಳೋರ ಹೆಸರು ಏನು?”

“ಅದಕ್ಕೆಲ್ಲಿ ಹೆಸರಿಡ್ತಾರಪಾ? ಮೂಲ್ಯಾಗ ನಡಗ್ಲಾಕತ್ತದ ನೋಡು, ಅದಕ್ಕ ಹೊಚ್ಚರಿ ಅಂತ ಹೇಳು.”

ಡಬ್ಬಿ ಬಂದ ರಟ್ಟಿನ ಖೋಕಾದ ತುಕಡಿ ಅಕ್ಕ ಹರಕೊಂಡು ತಂದಿದ್ಳು, ಅದರ ಮ್ಯಾಲ ಕಂಪನಿ ಪತ್ತಾನೂ ಇತ್ತು, ಸೊಸಿ ಹೆಸರೂ ಇತ್ತು, ಅದನ್ನೇ ಅಂವಾ ಹಚ್ಚಿದ. ಕಳಸೋರ ನಂಬರ ಅಂತ ನಂದು ಕೊಟ್ವಿ. ಸೊಸೀದು ಕೊಡಂಗಿಲ್ಲ, ಅಕ್ಕನ ಹಂತ್ಯಾಕ ಮೋಬೈಲ ಇಲ್ಲ. ಅದೇ ನನ್ನ ಪುಣ್ಯ. ಇಲ್ಲಂದ್ರ ಮುಂದಿನ ಸುದ್ದಿ ನನಗ ಸಿಗ್ತಿರಲಿಲ್ಲ.

ಒಂದ ವಾರ ಹೋಗಿರಬೇಕು, ಫೋನ ಬಂತು. ಮ್ಯಾಡಮ್ಮು! ಮರಾಠಿ ಮಾತಾಡ್ಲಾಕತ್ತಿದ್ಳು. ನಾ ಗ್ವಾಡಿ ಕಡಿಂದ ಸನ್ನಿ ಮಾಡಿ ಅಕ್ಕಗ ಕರದು, ಜೋರಾಗಿ ಕೇಳಸೋ ಬಟನ್ ಒತ್ತಿ ಹಿಡದೆ. ಅಕ್ಕಗ ಮರಾಠಿ ಕನ್ನಡ ಎರಡೂ ಒಂದೇ ನಾಲಗಿ.

“ಆಜಿ, ಕಂಬಳಿ ಬಂತು. ಆದ್ರ ಕಂಪ್ಯೂಟರ ಇಲ್ಲಿಲ್ಲ. ನಮ್ಮ ಹಂತ್ಯಾಕೂ ಇಂಥಾ ಡಬ್ಬೀನೇ ಅವ.”

“ಅಂದ್ರ ನಿಮ್ಮದೂ ಕನ್ನಡೀನೇ?”

“ಹಾಂ ಆಜಿ.”

“ಮತ್ತ ಗಂಟು ಎಲ್ಲದ?”

“ಬ್ಯಾರೆ ಯಾವುದೋ ಊರಾಗ ಅದ ಅಂತಾರ. ನನಗೂ ಬರಾಬರ್ ಗೊತ್ತಿಲ್ಲ.”

“ಗೊತ್ತೇ ಇಲ್ಲ? ನಾವು ಸಂಜೀಗಿ ಕುರಿ ಎಣಿಸಲ್ದೇ ತುತ್ತು ಎತ್ತಲ್ಲವಾ. ನಿನ್ನ ಕೈಯಾಗ ಹಟ್ಟಿ ಕೊಟ್ರ ತೋಳಕ್ಕ ಹಬ್ಬ.”

ಮ್ಯಾಡಮ್ಮು ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಸಿ ಕೇಳಿದ್ಳು, “ಅದು ಬಿಡ್ರಿ ಆಜಿ. ನಿಮ್ಮ ಊರಾಗ ಕರೆಂಟ ಅಷ್ಟ್ಯಾಕ ಹೋಗ್ತದ?”

ಅಕ್ಕ ನೆಟ್ಟಗ ನಿಂತು ಹೇಳಿದ್ಳು, “ಕರೆಂಟ ಎಲ್ಲಿ ಹೋಗ್ತದ? ಪ್ಲಗ್ ನಾನೇ ಕೀಳ್ತೀನಿ. ಬಿಟ್ಟಲ್ಲೇ ಇರ್ತದಲ್ಲ.”

ನಾ ಹಣಿ ಬಡಕೊಂಡೆ.

ಮ್ಯಾಡಮ್ಮು ಸಾವಕಾಶ ಅಂದ್ಳು, “ಆಜಿ, ಲೈನ ಕೆಟ್ಟದ ಅಂತ ತಿಳಕೊಂಡು ನಾ ನಿಮ್ಮ ಸೊಸಿ ಡಬ್ಬಿ ವಾಪಸ್ ತರಸ್ಲಾಕತ್ತಿದ್ದೆ.”

ಅಕ್ಕ ಗ್ವಾಡಿ ಹಿಡಕೊಂಡ್ಳು. ಇನ್ನೊಂದು ಕೈ ಸೆರಗಿನ ಭಂಡಾರದ ಗಂಟಿನ ಮ್ಯಾಲ ಇಟ್ಳು. ಆಮ್ಯಾಲ ಅಂದ್ಳು, “ಇನ್ನ ಕೀಳಲ್ಲ. ಬೀರಪ್ಪನ ಆಣಿ. ಬೇಕಾದ್ರ ಒದರಿ ಕರೀತೀನಿ.”

“ಒದರಿದ್ರ ನಮಗೂ ಕೇಳಸ್ತದ ಆಜಿ.”

“ಕೇಳಸ್ಲಿ. ನಿಮಗೂ ಉಣ್ಣೋ ಹೊತ್ತು ಗೊತ್ತಾಗ್ತದ.”

ಡಬ್ಬಿ ಉಳೀತು. ಕಂಬಳಿ ತಿರಗಿ ಕಳಸ್ತೀನಿ ಅಂದ್ಳು ಮ್ಯಾಡಮ್ಮು. ಅಕ್ಕ ಬ್ಯಾಡ ಅಂದ್ಳು, ಒಬ್ರಿಗಿ ಹೊಚ್ಚಾಕ ಕೊಟ್ಟದ್ದು ತಿರಗಿ ತಗೊಬಾರ್ದು. ಫೋನ ಇಟ್ಟಿದ್ದೇ ತಡ, ನನ್ನ ಕೈ ಹಿಡದು ಜೋಳದ ಮ್ಯಾಲ ಇಡಿಸಿದ್ಳು. “ಪ್ಲಗ್ಗಿನ ಮಾತು, ಕಂಬಳಿ ಮಾತು ಸೊಸೀಗಿ ಗೊತ್ತಾಗಬಾರ್ದು. ಗೊತ್ತಾದ್ರ ನಾ ಆ ಮನ್ಯಾಗ ಅತ್ತಿ ಆಗಿ ಹ್ಯಾಂಗ ಇರ್ಲಿ?”

ಕಂಬಳಿ ಎಲ್ಲಾ ಕರ್ರಗೇ

ಟ್ರಂಕು ಬಿಸಲಿಗಿ ಹಾಕಿದ ದಿನ ಸೊಸಿ ಕೇಳಿದ್ಳು, “ಅತ್ತೀ, ಲಗ್ನದ ಕಂಬಳಿ ಎಲ್ಲಿ?”

“ಇಲಿ ತಿಂದ್ವು.”

“ಪೂರಾ?”

“ದೊಡ್ಡ ಇಲಿ ಇತ್ತು.”

ಇದಾದ ಮ್ಯಾಲ, ಮೊನ್ನಿ ಮಧ್ಯಾಹ್ನದ ಮಾತು. ಪಡದೆ ಮ್ಯಾಲ ಮ್ಯಾಡಮ್ಮು ಎಲ್ಲಾರಿಗೂ ಕೂಡಿಸಿ ಮಾತಾಡೋ ದಿನ. ಸೊಸಿ ಮುಂದ ಕುಂತಿದ್ಳು, ಮುತ್ಯಾ ಹಿಂದ, ಅಕ್ಕ ಅಡಗಿ ಮನಿ ಬಾಗಲದಾಗ ಮೆಂತಿ ಸೊಪ್ಪು ಬಿಡಸಕೋತ. ನಾ ಗ್ವಾಡಿ ಕಡಿ, ಕಾಗಿ ಕಾಯಕೋತ.

ಲೈನ ಸಣ್ಣದಿತ್ತು. ಮೊದಲ ಮಸಕು ಬಂತು, ಮುಖ ಅನ್ನೋದು ಬರೀ ಗೋದಿ ಹಿಟ್ಟಿನ ಉಂಡಿ. ಹಿಂದ ಖುರ್ಚಿ ಮ್ಯಾಲ ಕರ್ರಗ ಒಂದು ಗುಡ್ಡ. ಸಾವಕಾಶ ಗುಡ್ಡಕ್ಕ ಅಂಚು ಬಂತು. ಅಂಚಿಗಿ ಕೆಂಪು ಬಂತು.

ಅಕ್ಕನ ಕೈಯಾಗಿನ ಸೊಪ್ಪು ಬಿತ್ತು. ಆಕಿ ಕೈ ತಾನೇ ಪ್ಲಗ್ಗಿನ ಕಡಿ ಹೋಯ್ತು. ಮುಟ್ಟೇ ಬಿಡ್ತಿದ್ಳು, ಬೀರಪ್ಪನ ಆಣಿ ನೆಪ್ಪಾಗಿ ಕೈ ಗಾಳ್ಯಾಗೇ ನಿಂತ್ತು. ಬಿಟ್ಟಲ್ಲೇ ಇರ್ತದ ಅಂತಾರಲ್ಲ, ಹಂಗ.

ಪಡದೆ ಮ್ಯಾಲ ತಿಳಿ ಆಗ್ಲಾಕತ್ತಿತ್ತು, ತುಕಡಿ ತುಕಡಿ. ಮೂಲ್ಯಾಗ ಹಸರ ತ್ಯಾಪಿ ಕಂಡ್ತು.

ಮುತ್ಯಾ ಎದ್ದು ನಿಂತ. “ಅರೇ! ಇದು ನಾ ನೇಯ್ದ ಕಂಬಳಿ!”

“ನಿಮ್ಮ ಕಣ್ಣಿಗಿ ಮತ್ತ ಪೊರಿ ಬಂದದ!” ಅಂತ ಅಕ್ಕ ಗುಡುಗಿದ್ಳು. “ನಾಳಿ ಮೊದಲ ಬಸ್ಸಿಗಿ ನಿಲಂಗಾಕ ನಡೀರಿ!”

ಸೊಸಿ ತಿರಗಿ ನೋಡಲಿಲ್ಲ. “ಅತ್ತೀ, ನನಗೂ ಹಂಗೇ ಕಾಣ್ತದಲ್ರಿ.”

“ಕಂಬಳಿ ಎಲ್ಲಾ ಕರ್ರಗೇ ಇರ್ತಾವ” ಅಂದ್ಳು ಅಕ್ಕ, ಬಿದ್ದ ಸೊಪ್ಪು ಆರಸಕೋತ.

ಪಾಪ ಮುತ್ಯಾ ಮರದಿನ ಖರೇನೇ ಹೋಗಿ ಬ್ಯಾಟರಿ ಬಿಡಿಸಗೊಂಡು ಬಂದ.

ಇಷ್ಟಕ್ಕೇ ಮುಗೀಲಿಲ್ಲ. ಕಂಬಳಿ ಕಂಡ ದಿನ ಸಂಜೀಗೇ ಸೊಸಿ ಗ್ವಾಡಿ ಹಂತ್ಯಾಕ ಬಂದು, “ಕಾಕು, ಜೋಳದ ಮ್ಯಾಲ ಕೈ ಇಡ್ರಿ” ಅಂದ್ಳು. ಇಟ್ಟೆ. ನನಗೇನು, ಕೈ ಅಲ್ಲೇ ಇರ್ತದ.

“ಮ್ಯಾಡಮ್ಮು ನಿಮ್ಮ ಸಂಗಟ ಫೋನಿನ್ಯಾಗ ಮಾತಾಡಿದ ದಿನಾನೇ ನನಗ ಎಲ್ಲಾ ಹೇಳ್ಯಾರ. ಪ್ಲಗ್ಗಿಂದೂ, ಕಂಬಳೀದೂ. ಆದ್ರ ನನಗ ಗೊತ್ತದ ಅಂತ ಅತ್ತೀಗಿ ಗೊತ್ತಾಗಬಾರ್ದು. ಗೊತ್ತಾದ್ರ ನಾಚಿ ನನ್ನ ಸಂಗಟ ಜಗಳಾನೇ ಬಿಟ್ಟು ಬಿಡ್ತಾರ. ಮನಿ ಬಿಕೋ ಅಂತದ ಕಾಕು.”

ಈಗ ನೀನೇ ನೋಡು ತಂಗಿ. ಆ ಕಡಿ ಅತ್ತಿ, ಸೊಸಿ ಅಂತ ಎರಡ ಪಡದೆ ಕುಂತಾವ, ಒಂದರದು ಒಂದಕ್ಕ ಕಾಣಲ್ಲ. ಮಾಲೆಲ್ಲ ಎಲ್ಲದ? ಇಲ್ಲಿ, ನನ್ನ ಹೊಟ್ಟ್ಯಾಗ! ಕುಂತಲ್ಲಿ ಮೈ ಕಾಯ್ತದ, ಬೆವರ ಕಿತ್ತು ಬರ್ತದ. ಆ ಕಂಪ್ಯೂಟರ ಬಿಡು, ಥಂಡಿ ಖೋಲ್ಯಾಗ ಇಡಬೇಕಾದದ್ದು ನನಗ. ನೀ ಆಣಿ ಮಾಡೀದಿ, ನೆಪ್ಪಿರ್ಲಿ. ಇದು ಯಾರಿಗೂ…

ತಡಿ. ಅಗಳಿ ಸಪ್ಪಳಾತು. ಯಾರೋ ಬಂದ್ರು. ಅಯ್ಯ ಶಿವನೇ, ಇಬ್ಬರೂ ಕೂಡೇ ಬಂದಾರ!

ಬರ್ರಿ ಅಕ್ಕಾ, ಬಾ ಬೇಟಿ, ಕುಂದ್ರರಿ. ಏನಿಲ್ಲ ಬಿಡ್ರಿ, ಈ ಸಲ ಜೋಳದಾಗ ಹರಳು ಭಾಳ ಅವ ಅಂತ ಮಾತಾಡ್ಲಾಕತ್ತಿದ್ವಿ. ಏ ತಂಗಿ, ನೀ ಯಾಕ ಇನ್ನೂ ಜೋಳದ ಮ್ಯಾಲೇ ಕೈ ಇಟಗೊಂಡು ಕುಂತೀದಿ? ತೆಗಿ, ತೆಗಿ ಕೈ…